ಪೆಟ್ಟು ತಿಂದ ಮಿದುಳಿಗೆ ಅಣಬೆಯ ಮದ್ದೆ?

ಕ್ರೀಡಾಂಗಣದ ಸುತ್ತ ನೆರೆದ ಸಾವಿರಾರು ಜನರ ಕಣ್ಣಿಗೆ ಬೀಳುವುದು ಆಟ. ಕಿವಿಗೆ ಬೀಳುವುದು ಜಯಘೋಷ. ಆಟಗಾರನ ತಲೆಬುರುಡೆಯ ಒಳಗೆ ಆ ಹೊತ್ತಿನಲ್ಲಿ ಏನು ನಡೆಯುತ್ತಿದೆಯೆಂಬುದು ಯಾರಿಗೂ ಕಾಣದು. ಮುರಿದ ಕೈಗೆ ಪಟ್ಟಿ ಕಟ್ಟುವವರಿದ್ದಾರೆ. ಸೀಳಿದ ಹುಬ್ಬಿಗೆ ಹೊಲಿಗೆ ಹಾಕುವವರಿದ್ದಾರೆ. ಆದರೆ ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಕಣ್ಣು ಕತ್ತಲೆಗಟ್ಟಿದವನು ತಲೆ ಕೊಡವಿಕೊಂಡು ಎದ್ದು ನಿಂತನೆಂದರೆ, ‘ಭಲೆ ಗಂಡು!’ ಎಂದು ಜನ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಬೆಲೆಯನ್ನು ಆತ ತೆರುವುದು ಹತ್ತಿಪ್ಪತ್ತು ವರ್ಷಗಳ ತರುವಾಯ, ಮೈದಾನದಿಂದ ಬಹುದೂರದಲ್ಲಿ, ತನ್ನ ಮನೆಯ ನಾಲ್ಕು ಗೋಡೆಗಳ ನಡುವೆ. ಹೆಸರುಗಳು ಮರೆತುಹೋಗುತ್ತವೆ, ಸಣ್ಣ ಮಾತಿಗೆ ದೊಡ್ಡ ಸಿಟ್ಟು ಬರುತ್ತದೆ, ರಾತ್ರಿ ನಿದ್ರೆ ಬಾರದು, ಹಗಲು ಬೆಳಕು ಸೇರದು. ಸಾಕೀ ಬದುಕು ಎನಿಸುವ ದಿನಗಳೂ ಬರುತ್ತವೆ. ತಲೆನೋವಿಗೆ ಒಂದು ಮಾತ್ರೆ, ನಿದ್ರೆಗೆ ಇನ್ನೊಂದು, ಖಿನ್ನತೆಗೆ ಮತ್ತೊಂದು ಎಂದು ವೈದ್ಯರು ಬರೆದುಕೊಡುತ್ತಾರೆ. ಮೂಲದ ಗಾಯಕ್ಕೆ ಮಾತ್ರ ಅವರ ಬಳಿ ಮದ್ದಿಲ್ಲ.

ಇಂಥ ನಿರಾಸೆಯಲ್ಲಿ ಮುಳುಗಿದ ಅಮೆರಿಕ ಮತ್ತು ಕೆನಡಾ ದೇಶಗಳ ಕೆಲವು ನಿವೃತ್ತ ಕ್ರೀಡಾಪಟುಗಳು ಈಚಿನ ವರ್ಷಗಳಲ್ಲಿ ಯಾರೂ ನಿರೀಕ್ಷಿಸದ ದಾರಿಯೊಂದನ್ನು ಹಿಡಿದಿದ್ದಾರೆ. ಮೆಕ್ಸಿಕೋದ ಬೆಟ್ಟಗಳಲ್ಲಿ ಬೆಳೆಯುವ ಅಣಬೆ, ಆಫ್ರಿಕದ ಕಾಡಿನ ಬೇರು, ಇವುಗಳಲ್ಲಿರುವ ಸತ್ತ್ವವೇ ತಮ್ಮನ್ನು ಬದುಕಿಸಿತೆಂದು ಅವರು ಬಹಿರಂಗವಾಗಿ ಹೇಳುತ್ತಿದ್ದಾರೆ. ಈ ಮಾತನ್ನು ನಂಬಬೇಕೆ, ಬಿಡಬೇಕೆ? ನಂಬುವುದಾದರೆ ಎಷ್ಟರಮಟ್ಟಿಗೆ?

ಮುಷ್ಟಿಮಲ್ಲರ ಮಂಕು

ಮಿದುಳು ತಲೆಬುರುಡೆಯೊಳಗೆ ಬಿಗಿದಿಟ್ಟ ವಸ್ತುವಲ್ಲ. ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಮು, ಬೆಣ್ಣೆಯಷ್ಟು ಮೃದು, ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವ ದೇಹ ಥಟ್ಟನೆ ನಿಂತಾಗ ಬುರುಡೆ ನಿಲ್ಲುತ್ತದೆ. ಒಳಗಿನ ಮಿದುಳು ನಿಲ್ಲದು. ಅದು ತಿರುಚಿಕೊಂಡು ಓಲಾಡುವಾಗ ನರಕೋಶಗಳ ಕೂದಲೆಳೆಗಿಂತ ಸೂಕ್ಷ್ಮವಾದ ತಂತುಗಳು ಜಗ್ಗಿ ಘಾಸಿಗೊಳ್ಳುತ್ತವೆ. ಇದನ್ನೇ ವೈದ್ಯರು ‘ಕನ್‌ಕಷನ್’ ಎನ್ನುತ್ತಾರೆ. ಒಂದು ಬಾರಿ ಆದದ್ದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಹಳೆಯದು ಆರುವ ಮುನ್ನವೇ ಹೊಸದು, ಅದರ ಮೇಲೆ ಇನ್ನೊಂದು ಎಂದು ವರ್ಷಗಟ್ಟಲೆ ಬೀಳುತ್ತ ಹೋದರೆ ಕಥೆಯೇ ಬೇರೆ.

ಈ ಕಥೆ ಹೊಸದಲ್ಲ. ೧೯೨೮ರಲ್ಲಿಯೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡರು ಮುಷ್ಟಿಯುದ್ಧದ ಮಲ್ಲರನ್ನು ಪರೀಕ್ಷಿಸಿ, ಕುಡಿದವರಂತೆ ತೂರಾಡುವ ಅವರ ನಡಿಗೆಯನ್ನೂ ಮಂಕುಕವಿದ ಬುದ್ಧಿಯನ್ನೂ ವೈದ್ಯಪತ್ರಿಕೆಯಲ್ಲಿ ವರ್ಣಿಸಿದ್ದರು. ಗುದ್ದಿನ ಅಮಲೇರಿದವರು ಎಂಬರ್ಥದ ಹೆಸರು ಈ ಮಲ್ಲರಿಗೆ ಅಂಟಿಕೊಂಡಿತ್ತು. ಅದು ಮುಷ್ಟಿಮಲ್ಲರ ಪಾಡೆಂದು ಉಳಿದ ಆಟಗಳವರು ಸುಮ್ಮನಿದ್ದರು.

೨೦೦೨ರಲ್ಲಿ ಅಮೆರಿಕದ ಫುಟ್‌ಬಾಲ್ ವೀರ ಮೈಕ್ ವೆಬ್‌ಸ್ಟರ್ ತನ್ನ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಪಿಟ್ಸ್‌ಬರ್ಗ್ ನಗರದ ತಂಡಕ್ಕೆ ನಾಲ್ಕು ಬಾರಿ ರಾಷ್ಟ್ರಕಿರೀಟ ತಂದುಕೊಟ್ಟವರಲ್ಲಿ ಆತನೂ ಒಬ್ಬ. ಕೊನೆಯ ವರ್ಷಗಳಲ್ಲಿ ನೆನಪು ಕೆಟ್ಟು, ಮನೆಮಠ ತೊರೆದು, ಎಷ್ಟೋ ರಾತ್ರಿಗಳನ್ನು ತನ್ನ ಮೋಟಾರುಬಂಡಿಯಲ್ಲಿಯೇ ಕಳೆದಿದ್ದ. ನೈಜೀರಿಯದಿಂದ ಬಂದು ಅಲ್ಲಿ ನೆಲಸಿದ್ದ ಶವಪರೀಕ್ಷಾ ವೈದ್ಯ ಬೆನೆಟ್ ಒಮಾಲು ಅವರು ಆತನ ಮಿದುಳನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೊರನೋಟಕ್ಕೆ ಸರಿಯಾಗಿಯೇ ಇದ್ದ ಮಿದುಳಿನೊಳಗೆ ‘ಟೌ’ ಎಂಬ ಪ್ರೋಟೀನಿನ ಗಂಟುಗಳು ಕಂಡುಬಂದವು. ೨೦೦೫ರಲ್ಲಿ ಅವರು ಇದನ್ನು ಪ್ರಕಟಿಸಿದರು. ‘ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪಥಿ’, ಸಂಕ್ಷೇಪವಾಗಿ ‘ಸಿ.ಟಿ.ಇ.’ ಎಂಬ ಕಾಯಿಲೆಯ ಹೆಸರು ಮನೆಮಾತಾದದ್ದು ಆಮೇಲೆ. ೨೦೧೭ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ಆ್ಯನ್ ಮೆಕೀ ಮತ್ತು ಅವರ ಸಂಗಡಿಗರು ಅಮೆರಿಕದ ಅಗ್ರ ಫುಟ್‌ಬಾಲ್ ಲೀಗಿನಲ್ಲಿ ಆಡಿದ್ದ ೧೧೧ ಮಂದಿಯ ಮಿದುಳುಗಳನ್ನು ಪರೀಕ್ಷಿಸಿದರು. ೧೧೦ರಲ್ಲಿ ಈ ಕಾಯಿಲೆಯ ಗುರುತಿತ್ತು. ಅನುಮಾನಪಟ್ಟ ಕುಟುಂಬದವರೇ ಹೆಚ್ಚಾಗಿ ಮಿದುಳನ್ನು ದಾನಮಾಡಿದ್ದರಾದ್ದರಿಂದ, ಎಲ್ಲ ಆಟಗಾರರಲ್ಲಿಯೂ ಇದೇ ಪ್ರಮಾಣವಿದೆಯೆಂದು ಭಾವಿಸಲಾಗದು. ಆದರೂ ಅಂಕಿ ಬೆಚ್ಚಿಬೀಳಿಸುವಂಥದೇ.

ಈ ಕಾಯಿಲೆಯ ಒಂದು ಲಕ್ಷಣವನ್ನು ಓದುಗರು ವಿಶೇಷವಾಗಿ ಗಮನದಲ್ಲಿಡಬೇಕು: ಬದುಕಿರುವವರಲ್ಲಿ ಇದನ್ನು ಖಚಿತವಾಗಿ ಪತ್ತೆಹಚ್ಚುವ ಪರೀಕ್ಷೆ ಇನ್ನೂ ಇಲ್ಲ. ಸತ್ತ ಮೇಲೆ ಮಿದುಳನ್ನು ಕೊಯ್ದು ನೋಡಿದರೆ ಮಾತ್ರ ಇದು ನಿಶ್ಚಯವಾಗುತ್ತದೆ.

ಹಿಮದಂಗಳದ ಕಾದಾಳು

ಡೇನಿಯಲ್ ಕಾರ್ಸಿಲೊ ಕೆನಡಾದವನು. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯ ಆಟಗಾರ. ನಮ್ಮ ಹಾಕಿಗೂ ಆ ಹಾಕಿಗೂ ಹೆಸರೊಂದೇ ಸಮಾನ. ಅಲ್ಲಿ ಎದುರಾಳಿಯನ್ನು ಮೈಯಿಂದ ಗುದ್ದಿ ಕಟ್ಟೆಗೆ ಅಪ್ಪಳಿಸುವುದು ಆಟದ ನಿಯಮದೊಳಗಿನ ಮಾತು. ಬರಿಗೈಯ ಗುದ್ದಾಟವೂ ಆಗಾಗ ನಡೆಯುತ್ತದೆ. ತೀರ್ಪುಗಾರರು ಸ್ವಲ್ಪ ಹೊತ್ತು ನೋಡಿ ಆಮೇಲೆ ಬಿಡಿಸುತ್ತಾರೆ. ತಂಡದ ಕುಶಲ ಆಟಗಾರರ ಮೈಮುಟ್ಟಿದವರನ್ನು ವಿಚಾರಿಸಿಕೊಳ್ಳುವುದಕ್ಕೆಂದೇ ತಂಡಗಳು ಒಬ್ಬಿಬ್ಬರು ಕಾದಾಳುಗಳನ್ನು ಇಟ್ಟುಕೊಳ್ಳುವುದು ಬಹುಕಾಲದ ವಾಡಿಕೆ. ಕಾರ್ಸಿಲೊ ಅಂಥವನು. ೨೦೦೭–೦೮ರ ಋತುವಿನಲ್ಲಿ ತಪ್ಪಾಟಗಳಿಗಾಗಿ ಆತನಿಗೆ ವಿಧಿಸಿದ ದಂಡದ ಹೊತ್ತು ಒಟ್ಟು ೩೨೪ ನಿಮಿಷ. ಇಡೀ ಲೀಗಿನಲ್ಲಿ ಅದೇ ಎಲ್ಲರಿಗಿಂತ ಹೆಚ್ಚು. ಷಿಕಾಗೋ ತಂಡ ೨೦೧೩ ಮತ್ತು ೨೦೧೫ರಲ್ಲಿ ಸ್ಟ್ಯಾನ್‌ಲಿ ಕಪ್ ಗೆದ್ದಾಗ ಆತ ಆ ತಂಡದಲ್ಲಿದ್ದ.

ಎರಡನೆಯ ಗೆಲುವಿನ ವರ್ಷವೇ ದುಃಖದ ವರ್ಷವೂ ಆಯಿತು. ೨೦೧೫ರ ಫೆಬ್ರವರಿಯಲ್ಲಿ ಆತನ ಆಪ್ತಮಿತ್ರನೂ ಹಿಂದಿನ ಸಹ ಆಟಗಾರನೂ ಆಗಿದ್ದ ಸ್ಟೀವ್ ಮಾಂಟಡೋರ್ ತೀರಿಕೊಂಡ. ವಯಸ್ಸು ಮೂವತ್ತೈದು. ಪರೀಕ್ಷಿಸಿದಾಗ ಮಿದುಳಿನಲ್ಲಿ ಸಿ.ಟಿ.ಇ. ಕಂಡಿತು. ಅದೇ ವರ್ಷ ಕಾರ್ಸಿಲೊ ಮೂವತ್ತನೆಯ ವಯಸ್ಸಿಗೇ ಆಟಕ್ಕೆ ಶರಣು ಹೊಡೆದ. ವೈದ್ಯರು ಗುರುತಿಸಿ ಬರೆದಿಟ್ಟಿದ್ದ ಕನ್‌ಕಷನ್‌ಗಳೇ ಏಳು. ಗುರುತಿಸದೆ ಹೋದವಕ್ಕೆ ಲೆಕ್ಕವಿಲ್ಲ. ನಾಲಗೆ ತೊದಲುತ್ತಿತ್ತು, ತಲೆ ಸಿಡಿಯುತ್ತಿತ್ತು, ಬೆಳಕು ಕಂಡರೆ ಆಗುತ್ತಿರಲಿಲ್ಲ, ಮನಸ್ಸು ಸಾವಿನತ್ತ ಎಳೆಯುತ್ತಿತ್ತು ಎಂದು ಆತನೇ ಅನೇಕ ಬಾರಿ ಹೇಳಿಕೊಂಡಿದ್ದಾನೆ. ಮಿತ್ರನ ಸ್ಮರಣೆಯಲ್ಲಿ, ಆಟ ಬಿಟ್ಟವರಿಗೆ ನೆರವಾಗಲೆಂದು ಒಂದು ಸೇವಾಸಂಸ್ಥೆಯನ್ನು ಕಟ್ಟಿದ. ಬಗೆಬಗೆಯ ಚಿಕಿತ್ಸೆಗಳನ್ನು ಅರಸಿ ಹಣ ಸುರಿದ. ಯಾವುದರಿಂದಲೂ ಗುಣ ಕಾಣದೆ ಹೋದಾಗ, ‘ಸಿಲೋಸೈಬಿನ್’ ಎಂಬ ದ್ರವ್ಯವಿರುವ ಅಣಬೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದನಂತೆ. ಅಲ್ಲಿಂದ ಮುಂದೆ ತಲೆನೋವು ಇಳಿಯಿತು, ನಿದ್ರೆ ಬಂದಿತು, ಹೆಂಡತಿ ಮಕ್ಕಳೊಡನೆ ಮತ್ತೆ ಮನುಷ್ಯನಂತೆ ಬಾಳುವುದು ಸಾಧ್ಯವಾಯಿತು ಎಂಬುದು ಆತನ ಹೇಳಿಕೆ.

ಆತ ಒಬ್ಬಂಟಿಯಲ್ಲ. ೨೦೦೪ರಲ್ಲಿ ಅಮೆರಿಕದ ಫುಟ್‌ಬಾಲ್ ಲೀಗಿಗೆ ಎರಡನೆಯ ಸ್ಥಾನದಲ್ಲಿ ಆಯ್ಕೆಯಾಗಿದ್ದ ರಾಬರ್ಟ್ ಗ್ಯಾಲರಿ ಎಂಬ ದೈತ್ಯದೇಹಿಯೂ ಇಂಥದೇ ಕತ್ತಲೆಯನ್ನು ಹಾಯ್ದು, ಆಫ್ರಿಕದ ಬೇರಿನ ಸತ್ತ್ವವಾದ ‘ಐಬೊಗೇನ್’ ಚಿಕಿತ್ಸೆಯನ್ನು ಪಡೆದು, ಈಗ ಉಳಿದ ಆಟಗಾರರಿಗೂ ಆ ಮಾತನ್ನು ಹೇಳುತ್ತಿದ್ದಾನೆ.

ಬೆಟ್ಟದಿಂದ ಪ್ರಯೋಗಶಾಲೆಗೆ

ಇಂಥ ದ್ರವ್ಯಗಳಿಗೆ ‘ಸೈಕೆಡೆಲಿಕ್’ ಎಂಬ ಹೆಸರನ್ನು ೧೯೫೬ರಲ್ಲಿ ತಮ್ಮ ಪತ್ರವ್ಯವಹಾರದಲ್ಲಿ ಮೊದಲು ಬಳಸಿದವರು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು. ಮನಸ್ಸನ್ನು ತೆರೆದು ತೋರಿಸುವಂಥದು ಎಂದು ಆ ಗ್ರೀಕ್ ಮೂಲದ ಪದದ ಅರ್ಥ. ಹೆಸರು ಈಚಿನದಾದರೂ ಬಳಕೆ ಪ್ರಾಚೀನ. ಮೆಕ್ಸಿಕೋದ ವಾಹಾಕ ಪ್ರಾಂತದ ಮಸಟೆಕ್ ಜನಾಂಗದವರು ರೋಗಶಮನಕ್ಕಾಗಿ ರಾತ್ರಿಪೂಜೆ ನಡೆಸಿ ಈ ಅಣಬೆಗಳನ್ನು ಸೇವಿಸುವ ಸಂಪ್ರದಾಯವನ್ನು ಕಾಪಾಡಿಕೊಂಡು ಬಂದಿದ್ದರು. ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕ್ ಅಧಿಕಾರಿ ೧೯೫೫ರಲ್ಲಿ ಮರಿಯಾ ಸಬೀನಾ ಎಂಬ ವೈದ್ಯಗಾತಿಯ ಪೂಜೆಯಲ್ಲಿ ಭಾಗವಹಿಸಿ, ಎರಡು ವರ್ಷಗಳ ತರುವಾಯ ಅದನ್ನು ‘ಲೈಫ್’ ಪತ್ರಿಕೆಯಲ್ಲಿ ಬರೆದ. ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞ ಆಲ್ಬರ್ಟ್ ಹಾಫ್‌ಮನ್ನರು ಆ ಅಣಬೆಯಿಂದ ಸಿಲೋಸೈಬಿನ್ನನ್ನು ಬೇರ್ಪಡಿಸಿದರು. ೧೯೪೩ರಲ್ಲಿ ಎಲ್.ಎಸ್.ಡಿ.ಯ ಮಾಯೆಯನ್ನು ತಮ್ಮ ಮೈಮೇಲೆಯೇ ಅನುಭವಿಸಿ ಕಂಡುಕೊಂಡವರೂ ಇವರೇ.

ಹತ್ತು ಹನ್ನೆರಡು ವರ್ಷ ಈ ದ್ರವ್ಯಗಳ ಮೇಲೆ ಉತ್ಸಾಹದ ಸಂಶೋಧನೆ ನಡೆಯಿತು. ಅಷ್ಟರಲ್ಲಿ ಅವು ಪ್ರಯೋಗಶಾಲೆಯ ಬಾಗಿಲು ದಾಟಿ ಬೀದಿಗೆ ಬಿದ್ದವು. ೧೯೭೦ರಲ್ಲಿ ಅಮೆರಿಕ ಸರಕಾರ ಕಾನೂನು ಮಾಡಿ ಇವನ್ನು ಅತ್ಯಂತ ಕಟ್ಟುನಿಟ್ಟಿನ ನಿಷೇಧದ ಪಟ್ಟಿಗೆ ಸೇರಿಸಿತು. ಸಂಶೋಧನೆ ಬಹುಮಟ್ಟಿಗೆ ನಿಂತೇಹೋಯಿತು. ೨೦೦೬ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ರೋಲಂಡ್ ಗ್ರಿಫಿತ್ಸರು ಆರೋಗ್ಯವಂತರ ಮೇಲೆ ನಡೆಸಿದ ಎಚ್ಚರಿಕೆಯ ಪ್ರಯೋಗವೊಂದನ್ನು ಪ್ರಕಟಿಸಿದ ಮೇಲೆ ಮುಚ್ಚಿದ ಬಾಗಿಲು ಮತ್ತೆ ತೆರೆಯಿತು. ೨೦೧೬ರಲ್ಲಿ ಅಲ್ಲಿಯೇ ೫೧ ಮಂದಿ ಕ್ಯಾನ್ಸರ್ ರೋಗಿಗಳಿಗೆ ಸಿಲೋಸೈಬಿನ್ ಕೊಟ್ಟು ನೋಡಿದಾಗ, ಹೆಚ್ಚಿನವರಲ್ಲಿ ಸಾವಿನ ಭಯವೂ ಖಿನ್ನತೆಯೂ ತಗ್ಗಿ, ಆ ಸಮಾಧಾನ ಆರು ತಿಂಗಳವರೆಗೂ ಉಳಿಯಿತು.

ಈ ಚಿಕಿತ್ಸೆಯ ಕ್ರಮ ಮಾತ್ರೆ ನುಂಗಿ ಮನೆಗೆ ಹೋಗುವಂಥದಲ್ಲ. ಮೊದಲು ಕೆಲವು ದಿನ ಚಿಕಿತ್ಸಕರೊಡನೆ ಮಾತುಕತೆ. ಆಮೇಲೆ ಒಂದು ದಿನ, ಪ್ರಶಾಂತವಾದ ಕೋಣೆಯಲ್ಲಿ, ಕಣ್ಣಿಗೆ ಪಟ್ಟಿ, ಕಿವಿಗೆ ಮೆಲುಸಂಗೀತ, ಪಕ್ಕದಲ್ಲಿ ತರಬೇತಿ ಪಡೆದ ಇಬ್ಬರು. ಆರೇಳು ಗಂಟೆಗಳ ಕಾಲ ರೋಗಿ ತನ್ನ ಒಳಗನ್ನೇ ನೋಡಿಕೊಳ್ಳುತ್ತಾನೆ, ಅಳುವುದುಂಟು, ನಡುಗುವುದುಂಟು. ಮರುದಿನದಿಂದ ಆ ಅನುಭವವನ್ನು ಬಾಳಿಗೆ ಹೊಂದಿಸಿಕೊಳ್ಳುವ ಮಾತುಕತೆ ಮತ್ತೆ ನಡೆಯುತ್ತದೆ.

ಒಳಗೆ ನಡೆಯುವುದೇನು?

ನರಕೋಶಗಳು ತಮ್ಮೊಳಗೆ ಸಂದೇಶ ಕಳಿಸುವುದಕ್ಕೆ ಬಳಸುವ ರಸಗಳಲ್ಲಿ ಸೆರೊಟೋನಿನ್ ಒಂದು. ಸಿಲೋಸೈಬಿನ್ ದೇಹವನ್ನು ಸೇರಿದ ಮೇಲೆ ಮಾರ್ಪಟ್ಟು, ಸೆರೊಟೋನಿನ್ನಿನ ಬೀಗಕ್ಕೆ ಕಳ್ಳಕೀಲಿಯಂತೆ ಹೊಂದಿಕೊಳ್ಳುತ್ತದೆ. ಆಗ ಮಿದುಳಿನ ಭಾಗಗಳು ಎಂದಿನ ಜಾಡನ್ನು ಬಿಟ್ಟು ಹೊಸ ರೀತಿಯಲ್ಲಿ ಸಂಪರ್ಕಿಸತೊಡಗುತ್ತವೆ. ಅಮಲು ಇಳಿದ ಮೇಲೂ ಏನೋ ಉಳಿಯುತ್ತದೆಯೆಂದು ತೋರಿಸಿದ್ದು ಯೇಲ್ ವಿಶ್ವವಿದ್ಯಾನಿಲಯದ ೨೦೨೧ರ ಪ್ರಯೋಗ. ಇಲಿಗಳಿಗೆ ಒಂದೇ ಬಾರಿ ಸಿಲೋಸೈಬಿನ್ ಕೊಟ್ಟಾಗ, ಮಿದುಳಿನ ಮುಂಭಾಗದ ನರಕೋಶಗಳ ಕೊಂಬೆಗಳ ಮೇಲಿರುವ ಸೂಕ್ಷ್ಮವಾದ ಮೊಗ್ಗುಗಳು ಸಂಖ್ಯೆಯಲ್ಲಿಯೂ ಗಾತ್ರದಲ್ಲಿಯೂ ಶೇಕಡ ಹತ್ತರಷ್ಟು ಬೆಳೆದವು. ಒಂದು ತಿಂಗಳ ಮೇಲೆ ನೋಡಿದಾಗಲೂ ಹಲವು ಉಳಿದಿದ್ದವು. ಒಂದು ನರಕೋಶ ಇನ್ನೊಂದರಿಂದ ಸಂದೇಶ ಪಡೆಯುವುದು ಈ ಮೊಗ್ಗುಗಳ ಮೂಲಕ.

ಪೆಟ್ಟು ತಿಂದ ಆಟಗಾರರಿಗೆ ಆಸೆ ಚಿಗುರಿಸಿದ್ದು ಈ ಚಿಗುರೇ. ಆರೋಗ್ಯವಂತ ಇಲಿಯಲ್ಲಿ ಹೊಸ ಮೊಗ್ಗು ಮೂಡುವುದಾದರೆ, ಗಾಯಗೊಂಡ ಮನುಷ್ಯನಲ್ಲಿ ಹರಿದ ಬಲೆ ಮತ್ತೆ ಹೆಣೆದುಕೊಳ್ಳಬಾರದೇಕೆ? ಪ್ರಶ್ನೆ ಸಹಜವಾದದ್ದು, ಆದರೆ ಪ್ರಶ್ನೆಯೇ ಉತ್ತರವಾಗಲಾರದು.

ಸೈನಿಕರ ಸಾಕ್ಷ್ಯ

ಮಿದುಳಿನ ಗಾಯಕ್ಕೂ ಇಂಥ ದ್ರವ್ಯಕ್ಕೂ ನೇರ ಸಂಬಂಧಪಟ್ಟ, ಹೆಚ್ಚು ಹೆಸರಾದ ಅಧ್ಯಯನ ನಡೆದಿರುವುದು ಆಟಗಾರರ ಮೇಲಲ್ಲ, ಸೈನಿಕರ ಮೇಲೆ. ಅಮೆರಿಕದ ವಿಶೇಷ ಪಡೆಗಳಲ್ಲಿ ದುಡಿದು, ಸಿಡಿಮದ್ದಿನ ಹೊಡೆತವೇ ಮೊದಲಾದವುಗಳಿಂದ ಮಿದುಳು ಘಾಸಿಗೊಂಡಿದ್ದ ಮೂವತ್ತು ಮಂದಿ ಮಾಜಿ ಸೈನಿಕರು ಮೆಕ್ಸಿಕೋಕ್ಕೆ ಹೋಗಿ ಐಬೊಗೇನ್ ಚಿಕಿತ್ಸೆ ಪಡೆದರು. ಅಮೆರಿಕದಲ್ಲಿ ಅದು ನಿಷಿದ್ಧ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ತಜ್ಞರು ಅವರನ್ನು ಚಿಕಿತ್ಸೆಗೆ ಮುಂಚೆಯೂ ಆಮೇಲೂ ಪರೀಕ್ಷಿಸಿ, ೨೦೨೪ರ ಜನವರಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ತಿಂಗಳಾದ ಮೇಲೆ ಯುದ್ಧದ ಆಘಾತದಿಂದ ಉಂಟಾದ ಮನೋವ್ಯಾಧಿಯ ಲಕ್ಷಣಗಳು ಸರಾಸರಿ ಶೇಕಡ ೮೮ರಷ್ಟು, ಖಿನ್ನತೆ ಶೇಕಡ ೮೭ರಷ್ಟು, ಆತಂಕ ಶೇಕಡ ೮೧ರಷ್ಟು ಇಳಿದಿದ್ದವು. ಏಕಾಗ್ರತೆ, ನೆನಪು ಮೊದಲಾದವುಗಳ ಪರೀಕ್ಷೆಗಳಲ್ಲಿಯೂ ಸುಧಾರಣೆ ಕಂಡಿತು.

ಅಂಕಿಗಳು ಬೆರಗುಗೊಳಿಸುತ್ತವೆ, ನಿಜ. ಆದರೆ ಹೋಲಿಸಿ ನೋಡುವುದಕ್ಕೆ ಮದ್ದು ಪಡೆಯದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಮೂವತ್ತು ಮಂದಿಯೂ ತಾವಾಗಿ ಬಯಸಿ, ಗುಣವಾಗುವ ನಿರೀಕ್ಷೆ ಹೊತ್ತು ಹೋದವರು. ಆ ನಿರೀಕ್ಷೆಯ ಪಾಲೆಷ್ಟು, ಸಂಗಡಿಗರ ಸಹವಾಸದ ಪಾಲೆಷ್ಟು, ಬೇರಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಆ ಅಧ್ಯಯನದಿಂದ ಸಾಧ್ಯವಿಲ್ಲ. ಐಬೊಗೇನ್ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು. ಅದನ್ನು ಸೇವಿಸಿ ಸತ್ತವರೂ ಇದ್ದಾರೆ. ಈ ಅಧ್ಯಯನದಲ್ಲಿ ಹೃದಯದ ರಕ್ಷಣೆಗೆಂದು ಮೆಗ್ನೀಸಿಯಂ ಸೇರಿಸಿ ಕೊಟ್ಟು, ವೈದ್ಯರು ಕಾವಲಿದ್ದರು.

ವಾಸಿಯೋ, ಸಮಾಧಾನವೋ?

ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ಹಿಡಿಯುವುದು ಅವಶ್ಯ. ಮನಸ್ಸಿನ ನೋವು ಇಳಿಯುವುದು ಒಂದು. ಮಿದುಳಿನ ಗಾಯ ಮಾಯುವುದು ಇನ್ನೊಂದು. ಖಿನ್ನತೆ ಕವಿದವನಿಗೆ ನೆನಪೂ ಮಂಕು, ಮಾತೂ ನಿಧಾನ, ನಿದ್ರೆಯೂ ದೂರ. ಆ ಮೋಡ ಸರಿದರೆ ಇವೆಲ್ಲ ಸುಧಾರಿಸುತ್ತವೆ; ಹೊರಗಿನಿಂದ ನೋಡುವವರಿಗೆ ಮಿದುಳೇ ವಾಸಿಯಾದಂತೆ ತೋರುತ್ತದೆ. ಗುಣಹೊಂದಿದ ಆಟಗಾರರಲ್ಲಿ ನಡೆದಿರುವುದು ಇಷ್ಟೇ ಇರಬಹುದು. ಇದಕ್ಕಿಂತ ಹೆಚ್ಚಿನದೂ ಇರಬಹುದು. ಸಿ.ಟಿ.ಇ.ಯ ಟೌ ಗಂಟುಗಳನ್ನು ಅಣಬೆಯಾಗಲಿ ಬೇರಾಗಲಿ ಕರಗಿಸಿತೆಂದು ಮನುಷ್ಯರಲ್ಲಿ ಯಾರೂ ತೋರಿಸಿಕೊಟ್ಟಿಲ್ಲ. ಬದುಕಿರುವಾಗ ಪತ್ತೆಯನ್ನೇ ಹಚ್ಚಲಾಗದ ಕಾಯಿಲೆ ವಾಸಿಯಾಯಿತೆಂದು ಹೇಳುವುದಾದರೂ ಹೇಗೆ?

ಖಿನ್ನತೆಯ ವಿಷಯದಲ್ಲಿಯೂ ಪೂರ್ಣಚಿತ್ರ ಬೇರೆಯಾಗಿದೆ. ಬೇರೆ ಔಷಧಿಗಳಿಗೆ ಬಗ್ಗದ ಖಿನ್ನತೆಯುಳ್ಳ ೨೩೩ ಮಂದಿಯ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ೨೫ ಮಿಲಿಗ್ರಾಮು ಸಿಲೋಸೈಬಿನ್ ಪಡೆದವರು ಮೂರು ವಾರಗಳ ಮೇಲೆ ಇತರರಿಗಿಂತ ಹೆಚ್ಚು ಸುಧಾರಿಸಿದ್ದರು. ಹನ್ನೆರಡು ವಾರಗಳಾಗುವಷ್ಟರಲ್ಲಿ ಆ ಲಾಭ ಎಷ್ಟೋ ಕರಗಿತ್ತು. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಗಳೂ ತಲೆದೋರಿದ್ದವು. ಚಿತ್ತವಿಭ್ರಮೆಯ ಇತಿಹಾಸ ತಮಗಾಗಲಿ ಹತ್ತಿರದ ಬಂಧುಗಳಿಗಾಗಲಿ ಇರುವವರನ್ನು ಇಂಥ ಪ್ರಯೋಗಗಳಿಗೆ ಸೇರಿಸುವುದೇ ಇಲ್ಲ. ಮತ್ತೊಂದು ತೊಡಕೂ ಇದೆ. ಹೊಸ ಔಷಧಿಯನ್ನು ಒರೆಗೆ ಹಚ್ಚುವಾಗ, ಯಾರಿಗೆ ಮದ್ದು, ಯಾರಿಗೆ ಬರಿಯ ಸಕ್ಕರೆ ಮಾತ್ರೆ ಎಂಬುದು ರೋಗಿಗೆ ತಿಳಿಯಬಾರದೆಂಬುದು ನಿಯಮ. ಗೋಡೆಗಳೇ ಉಸಿರಾಡುವಂತೆ ಕಾಣುತ್ತಿರುವಾಗ ತಾನು ನುಂಗಿದ್ದು ಸಕ್ಕರೆಯಲ್ಲವೆಂದು ಯಾರಿಗೆ ತಾನೆ ತಿಳಿಯದು? ಇದೇ ಬಗೆಯ ತೊಡಕು, ಇತರ ಆಕ್ಷೇಪಗಳೊಡನೆ ಸೇರಿ, ೨೦೨೪ರ ಆಗಸ್ಟಿನಲ್ಲಿ ಎಂ.ಡಿ.ಎಂ.ಎ. ಎಂಬ ಇನ್ನೊಂದು ದ್ರವ್ಯದ ಚಿಕಿತ್ಸೆಗೆ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ನಿರಾಕರಿಸಲು ಕಾರಣವಾಯಿತು.

ಹಣದ ಮಾತನ್ನೂ ಮರೆಯುವಂತಿಲ್ಲ. ಕಾರ್ಸಿಲೊ ತನ್ನ ಅನುಭವದ ಬಲದ ಮೇಲೆ ‘ವೆಸಾನಾ ಹೆಲ್ತ್’ ಎಂಬ ಔಷಧ ಕಂಪೆನಿಯನ್ನೇ ಸ್ಥಾಪಿಸಿದ. ಅದರಿಂದ ಆತನ ಮಾತು ಸುಳ್ಳಾಗುವುದಿಲ್ಲ. ಆದರೆ ಗುಣಹೊಂದಿದವನೂ ಮದ್ದು ಮಾರಲು ಹೊರಟವನೂ ಒಬ್ಬನೇ ಆದಾಗ, ಕೇಳುವವರು ಒಂದು ಕಿವಿ ಹೆಚ್ಚು ತೆರೆದಿಡುವುದು ಲೇಸು.

ಕಾನೂನಿನ ಬಾಗಿಲು

ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ಅಮೆರಿಕದ ಆರೆಗಾನ್ ರಾಜ್ಯದ ಮತದಾರರು ೨೦೨೦ರಲ್ಲಿ ಪರವಾನಗಿ ಪಡೆದ ಕೇಂದ್ರಗಳಲ್ಲಿ ಸಿಲೋಸೈಬಿನ್ ಸೇವನೆಗೆ ಸಮ್ಮತಿಸಿದರು. ಆಸ್ಟ್ರೇಲಿಯದಲ್ಲಿ ೨೦೨೩ರ ಜುಲೈಯಿಂದ ಅಧಿಕಾರ ಪಡೆದ ಮನೋವೈದ್ಯರು, ಬೇರೆ ಚಿಕಿತ್ಸೆಗಳಿಗೆ ಮಣಿಯದ ಖಿನ್ನತೆಗೆ ಅದನ್ನು ಕೊಡಬಹುದಾಗಿದೆ. ಐಬೊಗೇನ್ ಪ್ರಯೋಗಗಳಿಗೆಂದು ಟೆಕ್ಸಾಸ್ ರಾಜ್ಯ ೨೦೨೫ರಲ್ಲಿ ಐದು ಕೋಟಿ ಡಾಲರನ್ನು ತೆಗೆದಿರಿಸಿತು. ಭಾರತದಲ್ಲಿ ಸಿಲೋಸೈಬಿನ್ನೂ ಎಲ್.ಎಸ್.ಡಿ.ಯೂ ೧೯೮೫ರ ಮಾದಕದ್ರವ್ಯ ಕಾನೂನಿಗೆ ಒಳಪಟ್ಟಿವೆ, ಇಟ್ಟುಕೊಳ್ಳುವುದೂ ಅಪರಾಧ. ಅಣಬೆಯನ್ನು ಕಂಡಲ್ಲಿ ಕಿತ್ತು ತಿಂದು ನೋಡುವುದಂತೂ ಪ್ರಾಣದೊಡನೆ ಸರಸ. ನೋಟಕ್ಕೆ ಒಂದೇ ಬಗೆಯಾಗಿ ತೋರುವ ಅಣಬೆಗಳಲ್ಲಿ ವಿಷದವೂ ಇರುತ್ತವೆ.

ಮದ್ದಿನ ಮಾತು ಇನ್ನೂ ಇತ್ಯರ್ಥವಾಗಬೇಕಾದದ್ದು. ಪೆಟ್ಟಿನ ಮಾತಾದರೋ ಇತ್ಯರ್ಥವಾಗಿ ಬಹಳ ಕಾಲವಾಯಿತು. ೨೦೧೯ರ ಆಗಸ್ಟಿನಿಂದ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ, ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿದ ಆಟಗಾರನ ಬದಲು ಇನ್ನೊಬ್ಬನನ್ನು ಇಳಿಸಲು ಅವಕಾಶ ದೊರೆತಿದೆ. ಅದೇ ತಿಂಗಳು ಲಾರ್ಡ್ಸ್ ಮೈದಾನದಲ್ಲಿ ಸ್ಟೀವ್ ಸ್ಮಿತ್ ಚೆಂಡಿನ ಪೆಟ್ಟು ತಿಂದಾಗ, ಆತನ ಬದಲಿಗೆ ಮಾರ್ನಸ್ ಲಬುಷೇನ್ ಇಳಿದದ್ದು ಈ ನಿಯಮದ ಮೊದಲ ಪ್ರಯೋಗ. ಶಾಲೆಯ ಮೈದಾನದಲ್ಲಿಯೂ ಬೇಕಾದದ್ದು ಈ ವಿವೇಕವೇ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮರೆವು, ತಬ್ಬಿಬ್ಬು ಕಂಡ ಮಗುವನ್ನು ಒಡನೆಯೇ ವೈದ್ಯರಿಗೆ ತೋರಿಸಬೇಕು. ಆ ದಿನ ಮತ್ತೆ ಆಟಕ್ಕೆ ಬಿಡಲೇಬಾರದು. ಪಂದ್ಯ ಇನ್ನೊಂದು ದಿನ ಬಂದೀತು.

ಅಣಬೆಯಲ್ಲಿ ಅಮೃತವಿದೆಯೆಂದು ಕುಣಿಯುವವರೂ ಅದೆಲ್ಲ ಬರಿಯ ಅಮಲೆಂದು ಮೂಗುಮುರಿಯುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. ಉತ್ತರ ಬರುವ ಮೊದಲೇ ತೀರ್ಪು ಕೊಡುತ್ತಿದ್ದಾರೆ. ಸಾಯಬೇಕೆಂದಿದ್ದವನು ಬದುಕಬೇಕೆಂದುಕೊಂಡರೆ, ಮಿದುಳಿನ ಗಂಟು ಕರಗಿರಲಿ ಬಿಡಲಿ, ಆ ಮನೆಯವರ ಪಾಲಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಕಾಯಿಲೆ ಕಳೆಯಿತೆಂದು ನಂಬಿ ಮತ್ತೆ ಪೆಟ್ಟಿಗೆ ತಲೆಯೊಡ್ಡಿದರೆ, ಮದ್ದಿನ ಮೇಲಿನ ಆ ನಂಬಿಕೆಯೇ ಹೊಸದೊಂದು ಗಾಯಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ.